ಕೊಂದವನೇ ಕಥೆ ಹೇಳಿದರೆ: ಕೊಲೆಗಾರನ ಬಾಯಲ್ಲಿ ಕ್ರೈಂ ಕಥೆ ಬರೆಯುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಕಥೆ ಬರೆದೆ. ತಿಪಟೂರು ಕಡೆಯ ತೆಂಗಿನ ತೋಟ, ಅಣ್ಣ-ತಮ್ಮ, ಪಾಲಿನ ಜಗಳ. ತಮ್ಮ ಅಣ್ಣನನ್ನು ಕೊಲ್ಲುತ್ತಾನೆ. ಕಥೆ ಹೇಳುವವನೂ ಅವನೇ. ಬರೆದು ಮುಗಿಸಿದ ದಿನ ನನಗೆ ಭಾರಿ ಹೆಮ್ಮೆ. ಓದಿದ ಗೆಳೆಯ ಹಾಳೆಗಳನ್ನು ವಾಪಸ್ ಕೊಡುತ್ತಾ ಒಂದೇ ಮಾತು ಹೇಳಿದ. "ತಾನು ಕೊಲೆಗಾರ ಅನ್ನೋದು ಇವನಿಗೇ ಜಾಸ್ತಿ ಗೊತ್ತಿದೆ ಕಣೋ."

ಸರಿಯಾಗಿಯೇ ಹೇಳಿದ್ದ. ನನ್ನ ತಮ್ಮ ಮೊದಲ ಪುಟದಿಂದಲೇ ಹಲ್ಲು ಕಡಿಯುತ್ತಿದ್ದ. ಕತ್ತಲಲ್ಲಿ ಒಬ್ಬನೇ ನಗುತ್ತಿದ್ದ. "ನನ್ನೊಳಗೆ ಒಬ್ಬ ರಾಕ್ಷಸ ಇದ್ದಾನೆ" ಅಂತ ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಿದ್ದ. ತನ್ನ ಬಗ್ಗೆ ಯಾರು ಹಾಗೆ ಯೋಚಿಸುತ್ತಾರೆ ಹೇಳಿ? ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ನಾವೆಲ್ಲ ನಮ್ಮ ನಮ್ಮ ಪಾಲಿಗೆ ಒಳ್ಳೆಯವರೇ. ಕೊಂದವನೂ ಅಷ್ಟೇ.

ಆ ಕಥೆಯನ್ನು ಐದು ಸಲ ತಿದ್ದಿದೆ. ತಿದ್ದುವಾಗ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಆ ತಮ್ಮ ಉದ್ದಕ್ಕೂ ನಮ್ಮ ಜೊತೆ ಬರುತ್ತಾನೆ.

ಶುರು ಮಾಡುವ ಮುನ್ನ ಒಂದು ಮಾತು. ಪತ್ತೇದಾರಿ ಕಥೆಯ ಓದುಗ 'ಕೊಂದವರು ಯಾರು' ಎಂದು ಕೇಳುತ್ತಾ ಪುಟ ತಿರುಗಿಸುತ್ತಾನೆ. ಇಲ್ಲಿ ಆ ಪ್ರಶ್ನೆಯೇ ಇರುವುದಿಲ್ಲ. ಇದೇನೂ ಹೊಸ ಆಟವಲ್ಲ. ಇಂಗ್ಲೆಂಡಿನ ಆಸ್ಟಿನ್ ಫ್ರೀಮನ್ 1912ರ ತನ್ನ ಸಂಕಲನದ ಹೆಚ್ಚಿನ ಕಥೆಗಳಲ್ಲಿ ಮೊದಲು ಅಪರಾಧವನ್ನು ಪೂರ್ತಿ ತೋರಿಸಿ, ಆಮೇಲೆ ಪತ್ತೆದಾರನನ್ನು ಕರೆತಂದ. 1931ರಲ್ಲಿ ಆಂಥೊನಿ ಬರ್ಕ್ಲಿ ಕಾಕ್ಸ್, ಫ್ರಾನ್ಸಿಸ್ ಐಲ್ಸ್ ಎಂಬ ಹೆಸರಿನಲ್ಲಿ 'ಮ್ಯಾಲಿಸ್ ಅಫೋರ್‌ಥಾಟ್' ಬರೆದ. ಒಬ್ಬ ಡಾಕ್ಟರು ಹೆಂಡತಿಯನ್ನು ಕೊಲ್ಲಲು ತೀರ್ಮಾನಿಸಿದ್ದಾನೆ ಎಂಬುದು ಅದರ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ. ಗುಟ್ಟು ಅಲ್ಲಿಗೇ ಖಾಲಿ. ಆದರೂ ಜನ ಓದುತ್ತಾರೆ. ಏನನ್ನು ಹುಡುಕಿಕೊಂಡು ಓದುತ್ತಾರೆ ಅನ್ನುವುದೇ ನಮ್ಮ ಕೆಲಸ.

ಹೆಜ್ಜೆ 1: ಅವನ ಕಡೆ ಲೆಕ್ಕ ಬರೆಯಿರಿ

ಕಥೆ ಶುರು ಮಾಡುವ ಮೊದಲು ಬೇರೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅದರಲ್ಲಿ ಕೊಲೆಗಾರನ ಕೈಯಲ್ಲಿ ಒಂದು ಲೆಕ್ಕ ಬರೆಸಿ. ಸಾಯುವವನು ತನಗೆ ಏನೇನು ಮಾಡಿದ, ಯಾವ ವರ್ಷ, ಯಾರ ಎದುರಿಗೆ. ದೊಡ್ಡದು ಚಿಕ್ಕದು ಅಂತ ನೋಡಬೇಡಿ. ಚಿಕ್ಕವೇ ಮುಖ್ಯ.

ನಾನು ಈ ಕೆಲಸ ಮಾಡಿದ್ದು ಮೂರನೇ ಸಲ ತಿದ್ದುವಾಗ. ಮೊದಲ ಎರಡು ಸಲ 'ಪಾಲಿನ ಜಗಳ' ಎಂದು ಸುಮ್ನೆ ಬಿಟ್ಟಿದ್ದೆ. ತಮ್ಮನ ಪರವಾಗಿ ಲೆಕ್ಕ ಬರೆಯಲು ಕೂತಾಗ ವಿಚಿತ್ರ ಅನ್ನಿಸಿತು. ಜಮೀನಿನ ಮಾತು ಒಂದೂವರೆ ಸಾಲಿಗೆ ಮುಗಿದುಹೋಯಿತು. ಆಮೇಲೆ ಬಂದದ್ದು ಇಂಥವು: ಹತ್ತನೇ ಕ್ಲಾಸು ಫೇಲಾದಾಗ ಅಪ್ಪ ಬೈಯುತ್ತಿದ್ದರು, ಅಣ್ಣ ಅಡ್ಡ ಬಂದು "ಹೋಗ್ಲಿ ಬಿಡಪ್ಪ" ಅಂದ. ಕೊಬ್ಬರಿ ಮಾರಿದ ದುಡ್ಡು ಕಳೆದುಕೊಂಡು ಬಂದಾಗ ಮಂಡಿಯವರ ಎದುರಿಗೇ "ಹೋಗ್ಲಿ ಬಿಡು" ಅಂದ. ಮದುವೆ ಮುರಿದುಬಿದ್ದಾಗ ಊರವರ ಮುಂದೆ ಹೆಗಲ ಮೇಲೆ ಕೈ ಹಾಕಿ ಮತ್ತೆ ಅದೇ ಮಾತು.

ಅಣ್ಣ ಕೆಟ್ಟವನೇ ಅಲ್ಲ. ಪ್ರತಿ ಸಲ ಕ್ಷಮಿಸಿಬಿಡುತ್ತಾನೆ, ಅದೂ ನಾಲ್ಕು ಜನರ ಮುಂದೆ. ತಮ್ಮನಿಗೆ ತಡೆಯಲು ಆಗದಿದ್ದದ್ದು ಅದು. ಈ ಲೆಕ್ಕ ಸಿಕ್ಕಿದ ಮೇಲೆ ಅವನು ಹಲ್ಲು ಕಡಿಯುವುದನ್ನು ತಾನಾಗಿಯೇ ನಿಲ್ಲಿಸಿದ.

ನಿಮ್ಮ ಲೆಕ್ಕದಲ್ಲಿ ಒಂದಾದರೂ ಸಾಲು ನಿಮಗೇ ನಾಚಿಕೆ ತರಬೇಕು. 'ಅಯ್ಯೋ, ಇದು ನನಗೂ ಅನ್ನಿಸಿದೆಯಲ್ಲ' ಅನ್ನುವಂಥದ್ದು. ಅದು ಸಿಗುವ ತನಕ ಕಥೆ ಶುರು ಮಾಡಬೇಡಿ. 'ಅವನೊಬ್ಬ ಸೈಕೋ' ಎಂಬ ಉತ್ತರ ಮಾತ್ರ ಬೇಡ. ಅದು ಬರೆಯುವವರ ಸೋಮಾರಿತನ. ಜೊತೆಗೆ, ಮಾನಸಿಕ ಕಾಯಿಲೆ ಇಟ್ಟುಕೊಂಡು ಯಾರ ತಂಟೆಗೂ ಹೋಗದೆ ಬದುಕುತ್ತಿರುವ ಸಾವಿರಾರು ಜನರ ಮೇಲೆ ಸುಮ್ಮಸುಮ್ಮನೆ ಹೊರಿಸುವ ಆರೋಪ.

ಹೆಜ್ಜೆ 2: ಯಾರಿಗೆ ಹೇಳುತ್ತಿದ್ದಾನೆ?

ಕೊಂದವನು ಬಾಯಿ ಬಿಡುವುದೇ ಅಪಾಯ. ಆದರೂ ಬಿಡುತ್ತಿದ್ದಾನೆ ಅಂದರೆ ಎದುರಿಗೆ ಯಾರೋ ಇದ್ದಾರೆ. ಆ ಯಾರೋ ಬದಲಾದರೆ ಇಡೀ ಕಥೆ ಬದಲಾಗುತ್ತದೆ.

ಕನ್ನಡದವರಿಗೆ ಇದಕ್ಕೆ ಹಳೆಯ ಉದಾಹರಣೆ ಮನೆಯಲ್ಲೇ ಇದೆ. ಜನ್ನನ 'ಯಶೋಧರ ಚರಿತೆ'. ಸುಮಾರು 1209ರ ಕಾವ್ಯ. ಮಾರಿದತ್ತ ರಾಜ ದೇವಿಗೆ ಬಲಿ ಕೊಡಲು ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಹಿಡಿದು ತರಿಸಿದ್ದಾನೆ. ಆ ಹುಡುಗ ಅಭಯರುಚಿ ಅಲ್ಲೇ ನಿಂತು ಕಥೆ ಹೇಳುತ್ತಾನೆ. ತಾನು ಹಿಂದಿನ ಜನ್ಮದಲ್ಲಿ ಯಶೋಧರನೆಂಬ ರಾಜ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವೊಂದನ್ನು ಬಲಿ ಕೊಟ್ಟೆ, ಅದಕ್ಕೆ ಜನ್ಮ ಜನ್ಮ ತೊಳಲಿದೆ ಎನ್ನುತ್ತಾನೆ. ಇಲ್ಲಿ ಕೊಂದವನೇ ಕಥೆಗಾರ. ಕೇಳುವವನು ಇನ್ನೇನು ಕೊಲ್ಲಲಿರುವವನು. ಹೇಳುವವನ ತಲೆ ಉಳಿಯುವುದು ಹೇಳುವ ರೀತಿಯ ಮೇಲೆ. ಇನ್ನೊಂದು ತಮಾಷೆ ನೋಡಿ, ಸತ್ತದ್ದು ಬರೀ ಹಿಟ್ಟು. ಕೊಲ್ಲುವ ಮನಸ್ಸು ಮಾತ್ರ ನಿಜವಾಗಿತ್ತು. ಕ್ರೈಂ ಕಥೆ ಬರೆಯುವವರು ಹೊಯ್ಸಳರ ಕಾಲದ ಈ ಕವಿಯನ್ನು ಒಂದು ಸಲ ಓದಿಕೊಂಡರೆ ನಷ್ಟವಿಲ್ಲ.

ಹತ್ತಿರದ ಉದಾಹರಣೆ ಬೇಕಾದರೆ ಅರವಿಂದ ಅಡಿಗರ 'ದಿ ವೈಟ್ ಟೈಗರ್'. 2008ರಲ್ಲಿ ಬೂಕರ್ ಬಂದ ಇಂಗ್ಲಿಷ್ ಕಾದಂಬರಿ. ಬೆಂಗಳೂರಿನಲ್ಲಿ ಕೂತ ಬಲರಾಮ ಹಲ್ವಾಯಿ ಏಳು ರಾತ್ರಿ ಚೀನಾದ ಪ್ರಧಾನಿಗೆ ಕಾಗದ ಬರೆಯುತ್ತಾನೆ. ಧಣಿಯನ್ನು ಕೊಂದ ವಿಷಯವನ್ನು ಮುಚ್ಚಿಡುವುದೇ ಇಲ್ಲ. ಚೀನಾ ಪ್ರಧಾನಿ ಯಾಕೆ? ತನ್ನದು ಅಪರಾಧದ ಕಥೆ ಅಂತ ಅವನಿಗೆ ಅನ್ನಿಸಿಯೇ ಇಲ್ಲ. ಬಿಸಿನೆಸ್‌ನಲ್ಲಿ ಗೆದ್ದ ಕಥೆ ಅಂದುಕೊಂಡಿದ್ದಾನೆ. ಕೇಳುವವನ ಆಯ್ಕೆಯೇ ಅವನನ್ನು ಬಯಲಿಗೆ ತಂದುಬಿಡುತ್ತದೆ.

ನನ್ನ ತಮ್ಮ ಮೊದಲು ಡೈರಿ ಬರೆಯುತ್ತಿದ್ದ. ತೋಟದಲ್ಲಿ ನೀರು ಕಟ್ಟುವ ಮನುಷ್ಯ ರಾತ್ರಿ ಕೂತು ಇಪ್ಪತ್ತು ಪುಟ ಡೈರಿ ಬರೆಯುತ್ತಾನಾ? ಅದನ್ನು ಹರಿದೆ. ಆಮೇಲೆ ಮ್ಯಾಜಿಸ್ಟ್ರೇಟರ ಎದುರಿನ ಹೇಳಿಕೆಯಾಗಿ ಬರೆದೆ. ಇದು ಒಳ್ಳೆಯ ದಾರಿ, ನಿಮಗೆ ಬೇಕಾದರೆ ಬಳಸಿ. ನಮ್ಮ ಕಾನೂನಿನಲ್ಲಿ ಮ್ಯಾಜಿಸ್ಟ್ರೇಟರು ತಪ್ಪೊಪ್ಪಿಗೆ ಬರೆದುಕೊಳ್ಳುವ ಮುಂಚೆ "ನೀನು ಹೇಳಲೇಬೇಕು ಅಂತಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಸಾಕ್ಷಿಯಾಗಬಹುದು" ಎಂದು ಎಚ್ಚರಿಸಬೇಕು. ಯೋಚಿಸಲು ಸಾಮಾನ್ಯವಾಗಿ 24 ಗಂಟೆಯಾದರೂ ಸಮಯ ಕೊಡುತ್ತಾರೆ. ಆ 24 ಗಂಟೆ ಒಂದು ಕಾದಂಬರಿಗೆ ಸಾಕು. ಒಬ್ಬ ಮನುಷ್ಯ, ಒಂದು ಸೆಲ್ಲು, ನಾಳೆ ಹೇಳಲೋ ಬೇಡವೋ ಎಂಬ ಗೊಂದಲ.

ಆದರೆ ನನ್ನ ತಮ್ಮ ಅಲ್ಲೂ ನಾಟಕ ಮಾಡತೊಡಗಿದ. ಕೊನೆಗೆ ಹೊಳೆದದ್ದು ಬೇರೆ. ಅವನು ಹೇಳಬೇಕಾದದ್ದು ಅಣ್ಣನಿಗೇ. ಸಾವಿನ ಮೂರನೇ ದಿನ, ಹಾಲು-ತುಪ್ಪ ಬಿಡುವ ಹೊತ್ತು. ಸಮಾಧಿಯ ಮೇಲೆ ಎಡೆ ಇಟ್ಟಿದ್ದಾರೆ. ಎಲ್ಲರೂ ದೂರ ಸರಿದು ಕಾಗೆಗೆ ಕಾಯುತ್ತಿದ್ದಾರೆ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ, ಏನೋ ಸಿಟ್ಟು ಉಳಿದಿದೆ ಅಂತ ನಂಬಿಕೆ. ತಮ್ಮನೂ ಕಾಯುತ್ತಿದ್ದಾನೆ. ಮನಸ್ಸಿನಲ್ಲೇ ಮಾತಾಡುತ್ತಿದ್ದಾನೆ: "ಅಣ್ಣ, ಅವತ್ತು ನೀನು ಬರಬಾರದಿತ್ತು." ಇಡೀ ಕಥೆ ಆ ಕಾಯುವ ಹೊತ್ತಿನೊಳಗೆ ಕೂತುಕೊಂಡಿತು. 'ಅವನು' ಹೋಗಿ 'ನೀನು' ಬಂದದ್ದೇ ತಡ, ಭಾಷೆ ತಾನಾಗಿ ಸಣ್ಣದಾಯಿತು.

ಹೆಜ್ಜೆ 3: 'ನಾನು' ಬೇಕೇ ಬೇಕಾ?

ಬೇಕಿಲ್ಲ. ದೊಸ್ತೊಯೆವ್‌ಸ್ಕಿ 'ಅಪರಾಧ ಮತ್ತು ಶಿಕ್ಷೆ'ಯನ್ನು 1865ರಲ್ಲಿ ಶುರು ಮಾಡಿದ್ದು ಕೊಲೆಗಾರನೇ ಹೇಳುವ ತಪ್ಪೊಪ್ಪಿಗೆಯಾಗಿ. ಸಾಕಷ್ಟು ಬರೆದ ಮೇಲೆ ಅದನ್ನು ಸುಟ್ಟುಹಾಕಿ ಮತ್ತೆ ಮೊದಲಿನಿಂದ 'ಅವನು' ಎಂದು ಬರೆದ. ಆದರೆ ಆ 'ಅವನು' ದೂರದವನಲ್ಲ. ನಿರೂಪಕ, ಕೊಲೆ ಮಾಡುವ ರಾಸ್ಕೋಲ್ನಿಕೋವ್‌ನ ಹೆಗಲ ಮೇಲೆ ಕೂತು, ಅವನಿಗೆ ಕಂಡದ್ದನ್ನು ಕಾಣುತ್ತಾ, ಅವನ ಜ್ವರದಲ್ಲಿ ತಾನೂ ಬೆವರುತ್ತಾನೆ. ಪೆಟ್ರೀಷಿಯಾ ಹೈಸ್ಮಿತ್‌ಳ ಕಾದಂಬರಿಯ ಕೊಲೆಗಾರ ರಿಪ್ಲಿ ಕೂಡ 'ಅವನು'ವೇ. 1955ರಿಂದ ಇವತ್ತಿನವರೆಗೂ ಓದುಗರು ಅವನು ಸಿಕ್ಕಿಬೀಳದಿರಲಿ ಎಂದು ಉಸಿರು ಬಿಗಿ ಹಿಡಿದು ಓದುತ್ತಿದ್ದಾರೆ.

ನಾನು ಬಳಸುವ ಪರೀಕ್ಷೆ ಸುಲಭದ್ದು. ನಿಮ್ಮ ಕೊಲೆಗಾರನಿಗೆ ತನ್ನ ಬಗ್ಗೆ ಮಾತಾಡಲು ಬರುತ್ತಾ? ಬಂದರೆ 'ನಾನು'. ಮಾತೇ ಹೊರಡದ ಮನುಷ್ಯನಾದರೆ 'ಅವನು' ಎಂದು ಬರೆದು ಹತ್ತಿರ ನಿಲ್ಲಿ. ಒಂದೇ ಪುಟವನ್ನು ಎರಡೂ ರೀತಿ ಬರೆದು ಜೋರಾಗಿ ಓದಿ. ಕಿವಿಗೆ ಗೊತ್ತಾಗುತ್ತದೆ.

ಹೆಜ್ಜೆ 4: ಕ್ರಿಯಾಪದ ಹಿಡಿದುಕೊಳ್ಳಿ

ನನ್ನ ಪ್ರಕಾರ ಈ ಬಗೆಯ ಕಥೆ ನಿಲ್ಲುವುದೂ ಬೀಳುವುದೂ ಇಲ್ಲೇ. ಬೇರೆ ಭಾಷೆಯ ಪುಸ್ತಕಗಳು ಇದನ್ನು ಹೇಳಿಕೊಡುವುದಿಲ್ಲ, ಯಾಕೆಂದರೆ ಇದು ಕನ್ನಡದ ಆಸ್ತಿ. ತಪ್ಪಿಸಿಕೊಳ್ಳಲು ಕನ್ನಡದಲ್ಲಿ ಇರುವಷ್ಟು ಕಿಂಡಿಗಳನ್ನು ಕಂಡರೆ ಯಾವ ಆರೋಪಿಗೂ ಖುಷಿಯಾಗಬೇಕು.

ಈ ಐದು ವಾಕ್ಯ ನೋಡಿ.

ಅಣ್ಣನಿಗೆ ಹೊಡೆದೆ.
ಅಣ್ಣನಿಗೆ ಹೊಡೆದುಬಿಟ್ಟೆ.
ಅಣ್ಣನಿಗೆ ಏಟು ಬಿತ್ತು.
ಏಟು ಬಿದ್ದುಹೋಯಿತು.
ಅಣ್ಣ ಏಟು ತಿಂದ.

ನಡೆದದ್ದು ಒಂದೇ. ಮೊದಲ ವಾಕ್ಯದಲ್ಲಿ ಮನುಷ್ಯ ಎದುರಿಗೆ ನಿಂತಿದ್ದಾನೆ. ಎರಡನೆಯದರಲ್ಲಿ 'ಬಿಟ್ಟೆ' ಬಂದು ಅರ್ಧ ಕ್ಷಮೆ ಕೇಳಿತು. ಮೂರನೆಯದರಲ್ಲಿ ಹೊಡೆದವನೇ ಕಾಣುತ್ತಿಲ್ಲ. ನಾಲ್ಕನೆಯದರಲ್ಲಿ ಏಟು ಮಳೆಯ ಹಾಗೆ ಮೇಲಿಂದ ಬಿದ್ದಿದೆ. ಐದನೆಯದಂತೂ ಅಣ್ಣನೇ ಎಲೆ ಮುಂದೆ ಕೂತು ಬಡಿಸಿಕೊಂಡು ತಿಂದ ಹಾಗಿದೆ! ಕೊಲೆಗಾರನ ಮನಸ್ಸು ಎಲ್ಲಿದೆ ಎಂಬುದು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದರಲ್ಲೇ ಗೊತ್ತಾಗುತ್ತದೆ. 'ಪಶ್ಚಾತ್ತಾಪ' ಎಂಬ ಪದ ಒಂದು ಸಲವೂ ಬೇಕಾಗುವುದಿಲ್ಲ.

ಸಿಟ್ಟಿನದೂ ಅದೇ ಕಥೆ. 'ನನಗೆ ಸಿಟ್ಟು ಬಂತು' ಅನ್ನುತ್ತೇವೆ. ಸಿಟ್ಟು ನೆಂಟರ ಹಾಗೆ ಎಲ್ಲಿಂದಲೋ ಬರುತ್ತದೆ. ನಾನು ಸುಮ್ಮನೆ ಜಗಲಿಯ ಮೇಲೆ ಕೂತಿದ್ದೆ, ಅದು ಬಂತು. 'ಕೈ ಎದ್ದುಹೋಯಿತು', 'ನನ್ನ ಕೈಯಿಂದ ಆಗಿಹೋಯಿತು', 'ಬುದ್ಧಿ ಕೆಟ್ಟಿತ್ತು'. ಇವನ್ನೆಲ್ಲ ನಾವು ದಿನಾ ಆಡುತ್ತೇವೆ. ಹಾಲು ಉಕ್ಕಿಸಿದಾಗಲೂ ಹೀಗೇ ಹೇಳುತ್ತೇವೆ. ಅದಕ್ಕೇ ಕೊಲೆಗಾರನ ಬಾಯಲ್ಲಿ ಇವು ಭಯ ಹುಟ್ಟಿಸುತ್ತವೆ.

ಇನ್ನೊಂದು ಕಿಂಡಿ ಇದೆ. 'ಹೊಡೆದೆ' ಅಂದರೆ ಹೊಡೆದವನು ನಾನು ಅಂತ ಗೊತ್ತಾಗುತ್ತದೆ. 'ಹೊಡೆದ ಮೇಲೆ', 'ಹೊಡೆದಾಗ', 'ಹೊಡೆದದ್ದು' ಅಂದರೆ? ಯಾರು ಹೊಡೆದದ್ದು ಎಂದು ವ್ಯಾಕರಣ ಹೇಳುವುದೇ ಇಲ್ಲ. "ದೊಣ್ಣೆ ಬಿಸಾಕಿ ಬರುವಾಗ ಚಂದ್ರ ನೆತ್ತಿಗೆ ಬಂದಿದ್ದ." ಸುಳ್ಳಿಲ್ಲ, ಒಪ್ಪಿಗೆಯೂ ಇಲ್ಲ. ಕೊಲೆಗಾರನ ಗುರುತನ್ನು ಕೊನೆಯ ತನಕ ಮುಚ್ಚಿಡುವ ಕಥೆ ಬರೆಯುವವರಿಗೆ ಇದು ಬಂಗಾರದಂಥ ಸೌಲಭ್ಯ. ಇಂಥ ಕಥೆಯಲ್ಲಿ ನಿಯಮ ಒಂದೇ: ನಿರೂಪಕ ಹೇಳದೆ ಬಿಡಬಹುದು, ಸುಳ್ಳು ಹೇಳಬಾರದು. 1926ರ ಒಂದು ಹೆಸರಾಂತ ಇಂಗ್ಲಿಷ್ ಕಾದಂಬರಿಯಲ್ಲಿ ಬರೀ ಹತ್ತು ನಿಮಿಷ ಜಾರಿಹೋಗುತ್ತವೆ. ಓದುಗ ಗಮನಿಸುವುದಿಲ್ಲ. ಕೊನೆಗೆ ಹಿಂದಿರುಗಿ ನೋಡಿದರೆ ಎಲ್ಲವೂ ಅಲ್ಲೇ ಬರೆದಿದೆ. (ಹೆಸರು ಹೇಳುವುದಿಲ್ಲ. ಓದದೇ ಇರುವವರ ಸುಖ ಯಾಕೆ ಹಾಳು ಮಾಡಲಿ.)

ಸತ್ತವನನ್ನು ಏನೆಂದು ಕರೆಯುತ್ತಾನೆ ಎಂಬುದನ್ನೂ ಒಂದು ಪಟ್ಟಿ ಮಾಡಿಕೊಳ್ಳಿ. ಅಣ್ಣ. ಅವನು. ಆಮೇಲೆ ಆಸ್ಪತ್ರೆಯಲ್ಲಿ ಎಲ್ಲರೂ ಅನ್ನುವ ಹಾಗೆ 'ಬಾಡಿ'. "ಬಾಡಿ ಯಾವಾಗ ಕೊಡ್ತಾರಂತೆ?" ಎಂದು ತಮ್ಮ ಕೇಳುವ ಒಂದು ಸಾಲು ಬರೆದಾಗ ನನಗೇ ಮೈ ಜುಮ್ಮೆಂದಿತು. ಹಿಂದಿನ ಪುಟದವರೆಗೂ ಅಣ್ಣ ಅನ್ನುತ್ತಿದ್ದ.

ಒಂದು ಕಸರತ್ತು ಕೊಡುತ್ತೇನೆ, ಮಾಡಿ ನೋಡಿ. ಕೊಲೆಯ ರಾತ್ರಿಯನ್ನು ಮೊದಲು ಠಾಣೆಯ ಕನ್ನಡದಲ್ಲಿ ಬರೆಯಿರಿ. ನಮ್ಮ ಪೊಲೀಸರು ಬರೆದುಕೊಳ್ಳುವ 'ಸ್ವಇಚ್ಛಾ ಹೇಳಿಕೆ'ಗೆ ಒಂದು ಧಾಟಿ ಇದೆಯಲ್ಲ: "ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ವ್ಯವಸಾಯ ಮಾಡಿಕೊಂಡಿರುತ್ತೇನೆ. ಸದರಿ ಮೃತನು ನನ್ನ ಸ್ವಂತ ಅಣ್ಣನಾಗಿರುತ್ತಾನೆ." ಹಾಗೆ ಒಂದು ಪುಟ. ಆಮೇಲೆ ಅದೇ ರಾತ್ರಿಯನ್ನು ಅವನದೇ ಮಾತಿನಲ್ಲಿ ಬರೆಯಿರಿ. ಮೊದಲನೆಯದರಲ್ಲಿ ಎಲ್ಲ ಮಾಹಿತಿಯೂ ಇರುತ್ತದೆ, ಮನುಷ್ಯ ಇರುವುದಿಲ್ಲ. ಎರಡನೆಯದರಲ್ಲಿ ಮನುಷ್ಯ ಇರುತ್ತಾನೆ, ಮಾಹಿತಿಯಲ್ಲಿ ತೂತು ಬಿದ್ದಿರುತ್ತದೆ. ಆ ತೂತುಗಳನ್ನು ಗುರುತು ಹಾಕಿಕೊಳ್ಳಿ. ಮುಚ್ಚಬೇಡಿ.

ಹೆಜ್ಜೆ 5: ಪ್ಲಾನು ಕೆಡಲಿ

ಕೊಲೆಗಾರ ಜಾಣನಾಗಿರಬೇಕು ಎಂಬ ಭ್ರಮೆ ಸಿನಿಮಾದಿಂದ ಬಂದದ್ದು. ರಾಸ್ಕೋಲ್ನಿಕೋವ್ ತಾನಿರುವ ಮನೆಯ ಗೇಟಿನಿಂದ, ಕೊಲ್ಲಬೇಕೆಂದಿರುವ ಮುದುಕಿಯ ಮನೆಗೆ ಸರಿಯಾಗಿ 730 ಹೆಜ್ಜೆ ಎಂದು ಎಣಿಸಿಟ್ಟಿದ್ದಾನೆ. ಕೊಡಲಿ ನೇತುಹಾಕಲು ಕೋಟಿನ ಒಳಗೆ ಬಟ್ಟೆಯ ಕುಣಿಕೆ ಹೊಲಿದುಕೊಂಡಿದ್ದಾನೆ. ಇಷ್ಟೆಲ್ಲ ಮಾಡಿ, ಕೊಡಲಿಗೆಂದು ತಾನಿರುವ ಮನೆಯ ಅಡುಗೆಮನೆಗೆ ಹೋದರೆ ಕೆಲಸದಾಕೆ ಅಲ್ಲೇ ನಿಂತಿದ್ದಾಳೆ. ಕೊಡಲಿ ತೆಗೆಯಲು ಆಗುವುದಿಲ್ಲ. ಕಾವಲುಗಾರನ ಕೋಣೆಯಲ್ಲಿ ಅಕಸ್ಮಾತ್ ಇನ್ನೊಂದು ಸಿಗುತ್ತದೆ. ಆಮೇಲೆ, ಮನೆಯಲ್ಲಿ ಇರಬಾರದಿದ್ದ ಮುದುಕಿಯ ತಂಗಿ ಬಂದುಬಿಡುತ್ತಾಳೆ. ಎಣಿಸಿದ 730 ಹೆಜ್ಜೆ ಯಾವ ಉಪಯೋಗಕ್ಕೂ ಬರಲಿಲ್ಲ.

ನನ್ನ ತಮ್ಮನ ಪ್ಲಾನು ಕರೆಂಟಿನ ಮೇಲೆ ನಿಂತಿತ್ತು. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಅಣ್ಣ ಮೋಟರ್ ಹಾಕಲು ಪಂಪ್‌ಹೌಸಿಗೆ ಬರುತ್ತಾನೆ. ಹಳ್ಳಿಯವರಿಗೆ ಇದು ಹೇಳಬೇಕಾಗಿಲ್ಲ. ತಮ್ಮ ಅಲ್ಲಿ ಕಾದು ಕೂತ. ಅವತ್ತು ಕರೆಂಟೇ ಬರಲಿಲ್ಲ. ಎರಡು ಗಂಟೆಯಾಯಿತು. ಚಳಿಗೆ ನಡುಕ ಹತ್ತಿ, ಬೀಡಿ ಹಚ್ಚಿ, ಇನ್ನು ಇದೆಲ್ಲ ಬೇಡ, ಮನೆಗೆ ಹೋಗೋಣ ಎಂದು ಎದ್ದ. ಆಗ ಅಣ್ಣ ಬಂದ. ತೋಟದಲ್ಲಿ ಬೀಡಿ ಬೆಂಕಿ ಕಂಡು, ತಮ್ಮನೇ ಇರಬೇಕು ಎಂದು, ತನ್ನ ಸ್ವೆಟರ್ ಹಿಡಿದುಕೊಂಡು ಬಂದಿದ್ದ. "ಚಳಿ ಕಣೋ, ಹಾಕ್ಕೋ. ದುಡ್ಡಿನ ವಿಷಯಕ್ಕೆ ಬೇಜಾರಾ? ಹೋಗ್ಲಿ ಬಿಡು."

ಮುಂದಿನದನ್ನು ನಾನು ಒಂದೂವರೆ ಸಾಲಿನಲ್ಲಿ ಮುಗಿಸಿದೆ. ಮೊದಲ ಸಲ ಬರೆದಾಗ ಆ ಭಾಗ ಎರಡು ಪುಟ ಇತ್ತು!

ಕೊಲ್ಲುವ ದೃಶ್ಯದ ಬಗ್ಗೆ ನನ್ನ ಸಲಹೆ ಚಿಕ್ಕದು. ಹೇಗೆ ಮಾಡಿದ ಎಂಬ ತಾಂತ್ರಿಕ ವಿವರ ಕಥೆಗೆ ಏನೂ ಕೊಡುವುದಿಲ್ಲ. ವಿಷದ ಹೆಸರು, ಪ್ರಮಾಣ ಇವೆಲ್ಲ ಬಿಡಿ. 1947ರಲ್ಲಿ ಡೊರೊತಿ ಹ್ಯೂಸ್ ಒಬ್ಬ ಸರಣಿ ಕೊಲೆಗಾರನ ಹೆಗಲ ಮೇಲೆ ಕೂತು 'ಇನ್ ಎ ಲೋನ್ಲಿ ಪ್ಲೇಸ್' ಬರೆದಳು. ಅದರಲ್ಲಿ ಒಂದು ಕೊಲೆಯೂ ಪುಟದ ಮೇಲೆ ನಡೆಯುವುದಿಲ್ಲ. ಹಿಂದಿನ ಸಂಜೆ ಇದೆ, ಮರುದಿನದ ಬೆಳಗ್ಗೆ ಇದೆ. ನಡುವೆ ಏನಾಯಿತೆಂದು ಓದುಗರೇ ತುಂಬಿಕೊಳ್ಳುತ್ತಾರೆ.

ಹೆಜ್ಜೆ 6: ಕೊಲೆಯ ನಂತರ ಜಾಗ ಬಿಡಿ

ದೊಸ್ತೊಯೆವ್‌ಸ್ಕಿಯ ಆರು ಭಾಗಗಳ ಕಾದಂಬರಿಯಲ್ಲಿ ಕೊಲೆ ಮೊದಲ ಭಾಗದ ಕೊನೆಗೇ ಮುಗಿದಿರುತ್ತದೆ. ಉಳಿದ ಐದು ಭಾಗ ಅದರ ಜೊತೆ ಬದುಕುವುದು. ಕಥೆ ಸಣ್ಣದಾದರೂ ಲೆಕ್ಕ ಹೆಚ್ಚುಕಡಿಮೆ ಹೀಗೇ ಇರಲಿ. ಕೊಲೆಗಾರನನ್ನು ಆಮೇಲಿನ ಸಾಮಾನ್ಯ ಕೆಲಸಗಳಲ್ಲಿ ನೋಡಬೇಕು. ಅತ್ತಿಗೆಗೆ ಕಾಫಿ ಕೊಡುವುದು, ಶಾಮಿಯಾನದವರ ಹತ್ತಿರ ಚೌಕಾಸಿ, ಬಂದ ನೆಂಟರಿಗೆ ಮಲಗಲು ಚಾಪೆ.

ಇಲ್ಲೇ ಎಲ್ಲರೂ ಒಂದು ಸದ್ದು ತರುತ್ತಾರೆ. 1843ರಲ್ಲಿ ಎಡ್ಗರ್ ಅಲನ್ ಪೋ ಎರಡು ಸಾವಿರ ಚಿಲ್ಲರೆ ಪದಗಳ ಒಂದು ಕಥೆಯಲ್ಲಿ ನೆಲದ ಹಲಗೆಯ ಕೆಳಗಿಂದ ಸತ್ತವನ ಎದೆಬಡಿತ ಕೇಳಿಸಿದ. ಅಂದಿನಿಂದ ಎಷ್ಟು ಕೊಲೆಗಾರರಿಗೆ ಎದೆಬಡಿತ ಕೇಳಿಸಿದೆಯೋ, ಗೋಡೆ ಗಡಿಯಾರ ಟಿಕ್ ಟಿಕ್ ಅಂದಿದೆಯೋ. ನಾನೂ ಒಂದು ಗಡಿಯಾರ ಇಟ್ಟಿದ್ದೆ. ಗೆಳೆಯ ನಕ್ಕುಬಿಟ್ಟ. ಆಮೇಲೆ ಆ ಮನೆಯ ಸದ್ದು ಯಾವುದು ಅಂತ ಯೋಚಿಸಿದೆ. ತಿಪಟೂರು ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಒಣಗಿಸುತ್ತಾರೆ. ಒಳಗಿನ ನೀರು ಆರಿ, ಗಿಟುಕು ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿದರೆ ಗಡಗಡ ಅನ್ನುತ್ತದೆ. ಅಣ್ಣ ಏರಿಸಿಟ್ಟ ಕಾಯಿ ಅದು. ರಾತ್ರಿ ಇಲಿ ಓಡಾಡಿದರೆ ಒಂದೆರಡು ಉರುಳುತ್ತವೆ. ತಮ್ಮನಿಗೆ ಹೆದರಿಕೆಯೇನೂ ಆಗುವುದಿಲ್ಲ. ಕಾಯಿ ಒಣಗಿದೆ, ರೇಟು ಇದೆ, ಸುಲಿಸಬೇಕು, ಅಣ್ಣನನ್ನು ಕೇಳಬೇಕು ಅಂದುಕೊಳ್ಳುತ್ತಾನೆ. ಆಮೇಲೆ ನೆನಪಾಗುತ್ತದೆ.

ನಿಮ್ಮ ಕಥೆಯ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. ಬೇರೆಯವರ ಕಥೆಯಿಂದ ತರಬೇಡಿ.

ಹೆಜ್ಜೆ 7: ಕಾನೂನಿನ ವಿವರ ಸರಿ ಇರಲಿ

ಇದು ಬೇಗ ಮುಗಿಯುವ ಕೆಲಸ, ಆದರೆ ತಪ್ಪಿದರೆ ಮಾನ ಹೋಗುತ್ತದೆ. ನಿಮ್ಮ ಕಥೆ 2024ರ ಜುಲೈ 1ಕ್ಕಿಂತ ಹಿಂದೆ ನಡೆದರೆ ಕೊಲೆ ಕೇಸು ಐಪಿಸಿ 302. ಅಂದಿನಿಂದ ಈಚಿನ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 103. ಹಳೇ ಪೊಲೀಸ್ ಪಾತ್ರ ಬಾಯಿತಪ್ಪಿ 'ತ್ರೀ ನಾಟ್ ಟೂ' ಅಂದರೆ ಅದು ಸಹಜವೇ. ಮೊದಲಿಗೆ ಬಿದ್ದು ಸತ್ತ ಹಾಗೆ ಕಂಡರೆ ಅಸಹಜ ಸಾವು ಎಂದು ಯುಡಿಆರ್ ದಾಖಲಾಗುತ್ತದೆ. ಆಮೇಲೆ ಅದು ಕೊಲೆ ಕೇಸಾಗುವ ದಿನ ನಿಮ್ಮ ಕಥೆಗೆ ಒಂದು ಒಳ್ಳೆಯ ತಿರುವು. ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಆದರೆ ಆರೋಪಿ ಹೇಳಿದ್ದರಿಂದಲೇ ಏನಾದರೂ ವಸ್ತು ಸಿಕ್ಕಿದರೆ, ಹೇಳಿಕೆಯ ಅಷ್ಟು ಭಾಗ ನಿಲ್ಲುತ್ತದೆ. ಆಗ ಪಂಚರನ್ನು ಕರೆದುಕೊಂಡು ಹೋಗಿ ಮಹಜರು ಮಾಡುತ್ತಾರೆ. ದೊಣ್ಣೆ ಎಲ್ಲಿ ಬಿಸಾಕಿದೆ ಎಂದು ತೋರಿಸಲು ತಮ್ಮ ತನ್ನದೇ ತೋಟಕ್ಕೆ ಕೈಕೋಳದಲ್ಲಿ ಬರುವ ದೃಶ್ಯ ನನ್ನ ನಾಲ್ಕನೇ ಪ್ರತಿಯಲ್ಲಿತ್ತು. ಪಂಚರಾಗಿ ಬಂದವನು ಪಕ್ಕದ ತೋಟದವನು. ಚೆನ್ನಾಗಿಯೇ ಇತ್ತು. ಕಥೆ ಮೂರನೇ ದಿನಕ್ಕೇ ನಿಲ್ಲುವುದರಿಂದ ತೆಗೆಯಬೇಕಾಯಿತು. ಈಗಲೂ ಹೊಟ್ಟೆ ಉರಿಯುತ್ತದೆ.

ನಿಜವಾಗಿ ನಡೆದ ಕೊಲೆಯನ್ನು ಇಟ್ಟುಕೊಂಡು ಬರೆಯುವವರು ಊರು, ಕಸುಬು, ಸಂಬಂಧ ಮೂರನ್ನೂ ಬದಲಿಸಿ. ಸತ್ತವರ ಅಮ್ಮ ಅದೇ ತಾಲ್ಲೂಕಿನಲ್ಲಿ ಇರುತ್ತಾರೆ, ಕಥೆ ಅವರ ಕೈಗೂ ಸಿಗುತ್ತದೆ.

ಹೆಜ್ಜೆ 8: ಸತ್ತವನಿಗೆ ಅವನದೇ ಒಂದು ಬದುಕು ಕೊಡಿ

ಕೊಲೆಗಾರನ ಕಣ್ಣಿಂದ ನೋಡುವಾಗ ಸತ್ತವರು ಬರೀ ಗೊಂಬೆಯಾಗುವ ಅಪಾಯ ಜಾಸ್ತಿ. ಇದಕ್ಕೆ ನಾನು ಕಂಡುಕೊಂಡ ದಾರಿ ಇದು: ಸತ್ತವನ ಬಗ್ಗೆ ಕೊಲೆಗಾರನಿಗೆ ಅರ್ಥವಾಗದ ಒಂದು ವಿವರ ಕಥೆಯೊಳಗೆ ಇಡಿ. ಅವನು ಅದನ್ನು ಹೇಳಲಿ, ವಿವರಿಸದಿರಲಿ.

ಅಣ್ಣನ ಅಂಗಿ ಜೇಬಿನಲ್ಲಿ ಒಂದು ಕಣ್ಣಿನ ಆಸ್ಪತ್ರೆಯ ಚೀಟಿ ಸಿಗುತ್ತದೆ. ತಮ್ಮ ಅದನ್ನು ಮಡಚಿ ವಾಪಸ್ ಇಡುತ್ತಾನೆ, ಅಷ್ಟೇ. ಅಣ್ಣನಿಗೆ ಕಣ್ಣು ಮಂಜಾಗಿತ್ತು, ಕತ್ತಲಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಆ ರಾತ್ರಿ ಎಡವುತ್ತಾ ತೋಟಕ್ಕೆ ಬಂದಿದ್ದ ಎಂದು ಓದುಗ ತಾನೇ ಕೂಡಿಸಿಕೊಳ್ಳುತ್ತಾನೆ. ತಮ್ಮ ಕೂಡಿಸಿಕೊಂಡನೋ ಇಲ್ಲವೋ ನನಗೂ ಗೊತ್ತಿಲ್ಲ.

ಹೆಜ್ಜೆ 9: ಎಲ್ಲಿ ನಿಲ್ಲಿಸುವುದು

ಸಿಕ್ಕಿಬೀಳುವುದು, ತಪ್ಪಿಸಿಕೊಳ್ಳುವುದು, ಸಾಯುವುದು. ಸಾಮಾನ್ಯವಾಗಿ ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಕೂತುಬಿಡುತ್ತೇವೆ. ಅದಕ್ಕಿಂತ ಮೊದಲ ಹೆಜ್ಜೆಯ ಲೆಕ್ಕದ ಪುಸ್ತಕ ತೆಗೆದು ನೋಡಿ. ಅದರಲ್ಲಿ ಕೊಲೆಗಾರನಿಗೆ ಜಾಸ್ತಿ ನೋವು ಕೊಟ್ಟ ಸಾಲು ಯಾವುದೋ, ಅದೇ ಇನ್ನೊಂದು ಸಲ ನಡೆಯಲಿ. ಈ ಸಲ ಹೊಡೆಯಲು ಎದುರಿಗೆ ಯಾರೂ ಇರಬಾರದು.

ನಾನು ಮೂರು ಥರ ಬರೆದೆ. ಮೊದಲನೆಯದರಲ್ಲಿ ಕಾಗೆ ಬರಲೇ ಇಲ್ಲ, ಊರೆಲ್ಲ ತಮ್ಮನ ಮುಖ ನೋಡಿತು. ಸಿನಿಮಾ ಆಯಿತು. ಎರಡನೆಯದರಲ್ಲಿ ಕಾಯಿಸಿ ಕಾಯಿಸಿ ಸಂಜೆಗೆ ಬಂತು. ಅದರಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ, ತಮ್ಮ ಇನ್ನೂ ಮನಸ್ಸಿನಲ್ಲಿ ಮಾತು ಮುಗಿಸಿಲ್ಲ, "ಏಟು ಬಿದ್ದುಹೋಯ್ತು ಅಣ್ಣ" ಅನ್ನುತ್ತಿದ್ದಾನೆ, ಅಷ್ಟರಲ್ಲಿ ಕಾಗೆ ಬಂದು ಕೂತು ಎಡೆಗೆ ಬಾಯಿ ಹಾಕಿತು. ನೆಂಟರೆಲ್ಲ "ಪುಣ್ಯಾತ್ಮ, ಯಾರ ಮೇಲೂ ಏನೂ ಇಟ್ಟುಕೊಳ್ಳಲಿಲ್ಲ" ಅಂದರು. ತಮ್ಮ ಬಗ್ಗಿ ಒಂದು ಕಲ್ಲು ತೆಗೆದುಕೊಂಡು ಕಾಗೆಗೆ ಬೀಸಿದ.

ಅದರ ಮುಂದೆ ಎರಡು ಪ್ಯಾರಾ ಇದ್ದವು. ಪೊಲೀಸ್ ಜೀಪಿನದು ಒಂದು, ಅತ್ತಿಗೆಯ ನೋಟದ್ದು ಇನ್ನೊಂದು. ಎರಡನ್ನೂ ಹೊಡೆದುಹಾಕಿದೆ.